ಊಟದ ಕೋಣೆಗೆ ಹಳೆಯ ಸೈಡ್‌ಬೋರ್ಡ್: ಮಹಾಗನಿಯದು ಕೊಳ್ಳುವುದೋ, ತೇಗದ್ದೋ?

ಕಾವೇರಿತೀರ

ಇಂಗ್ಲೆಂಡಿನ ರೆಡಿಂಗ್ ಬಳಿ 1930ರ ದಶಕದಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡಿದ್ದೇವೆ. ಊಟದ ಮೇಜಿನ ಹಿಂದೆ ಸುಮಾರು ಏಳು ಅಡಿ ಗೋಡೆ ಖಾಲಿ ಇದೆ. ಅಲ್ಲಿಗೆ ಹಳೆಯ ಸೈಡ್‌ಬೋರ್ಡ್ (ಖಾನೆ, ಕಪಾಟುಗಳುಳ್ಳ ಉದ್ದನೆಯ ಬಡಿಸುವ ಮೇಜು) ಒಂದನ್ನು ತರಬೇಕೆಂಬುದು ಮನೆಯವರೆಲ್ಲರ ಆಸೆ. ಬೆಳ್ಳಿಯ ಲೋಟ ತಟ್ಟೆಗಳು, ಮೇಜುಬಟ್ಟೆಗಳು ಒಳಗೆ ಹಿಡಿಸಬೇಕು. ಹಬ್ಬದ ದಿನ ನೆಂಟರು ಸೇರಿದಾಗ ಅನ್ನ, ಹುಳಿ, ಪಾಯಸದ ಪಾತ್ರೆಗಳನ್ನು ಮೇಲೆ ಸಾಲಾಗಿಟ್ಟು ಬಡಿಸಿಕೊಳ್ಳಲು ಅನುಕೂಲವಾಗಬೇಕು.

ಈಗ ಎರಡು ಕಣ್ಣಿಗೆ ಬಿದ್ದಿವೆ. ಒಂದು, ಇಲ್ಲಿಯ ಹರಾಜಿನಲ್ಲಿ ಬರಲಿರುವ ಮಹಾಗನಿಯದು. ಮುಂಭಾಗ ಬಿಲ್ಲಿನಂತೆ ಬಾಗಿದೆ, ಆರು ಕಾಲುಗಳಿವೆ, ಪಟ್ಟಿಯಲ್ಲಿ ‘ಮೂರನೆಯ ಜಾರ್ಜ್ ಕಾಲದ್ದು’ ಎಂದು ಬರೆದಿದ್ದಾರೆ; ಅಂದಾಜು ಬೆಲೆ 300ರಿಂದ 400 ಪೌಂಡ್. ಇನ್ನೊಂದು, ಅಂಗಡಿಯೊಂದರಲ್ಲಿರುವ 1960ರ ದಶಕದ ಜಿ-ಪ್ಲಾನ್ ಎಂಬ ಬ್ರಾಂಡಿನ ತೇಗದ್ದು, 650 ಪೌಂಡ್. ಇನ್ನೂರು ವರ್ಷ ಹಳೆಯದೆನ್ನುವ ವಸ್ತು ನಮ್ಮ ತಂದೆಯ ಕಾಲದ ವಸ್ತುವಿಗಿಂತ ಅಗ್ಗವಾಗಿರುವುದನ್ನು ನೋಡಿ, ಮೊದಲನೆಯದರಲ್ಲಿ ಏನೋ ಐಬಿದೆ ಎಂಬ ಅನುಮಾನ ಹುಟ್ಟಿದೆ. ಅದರ ವಯಸ್ಸನ್ನು ಪರೀಕ್ಷಿಸುವುದು ಹೇಗೆ? ಮುಂದೆಂದಾದರೂ ಮೈಸೂರಿಗೆ ಹಿಂತಿರುಗಿದರೆ ಇವನ್ನು ಜೊತೆಗೆ ಒಯ್ಯುವುದು ಸಾಧ್ಯವೇ?

ಉಳಿಬಾಚಿ

ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಅನುಮಾನ ಪಡಬೇಕಾಗಿಲ್ಲ. ಈ ಶತಮಾನದ ಆರಂಭದಿಂದ ಇಂಗ್ಲೆಂಡಿನಲ್ಲಿ ಕಂದು ಬಣ್ಣದ ಹಳೆಯ ಮಹಾಗನಿ ಪೀಠೋಪಕರಣಗಳನ್ನು ಕೇಳುವವರೇ ಕಡಿಮೆಯಾಗಿದ್ದಾರೆ. ಪ್ರತ್ಯೇಕ ಊಟದ ಕೋಣೆ ಇಟ್ಟುಕೊಳ್ಳುವ ರೂಢಿಯೇ ಕ್ಷೀಣಿಸಿದ್ದರಿಂದ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿದ್ದದ್ದು ಸೈಡ್‌ಬೋರ್ಡಿಗೆ. ನಿಮಗೆ ಗೋಡೆಯೂ ಇದೆ, ಬಡಿಸುವ ಕೆಲಸವೂ ಇದೆ ಎಂದಾದರೆ ಕೊಳ್ಳುವುದಕ್ಕೆ ಇದು ಒಳ್ಳೆಯ ಕಾಲ.

ಆದರೆ ‘ಕಾಲದ್ದು’ ಎಂಬುದಕ್ಕೂ ‘ಶೈಲಿಯದು’ ಎಂಬುದಕ್ಕೂ ಅಜಗಜಾಂತರ. ಮೂರನೆಯ ಜಾರ್ಜ್ ಆಳಿದ್ದು 1760ರಿಂದ 1820ರವರೆಗೆ. ಅದೇ ವಿನ್ಯಾಸಗಳನ್ನು 1900ರ ಆಸುಪಾಸಿನಲ್ಲಿ ಮತ್ತೆ ಹೇರಳವಾಗಿ ತಯಾರಿಸಿದರು, ಕೆಲವನ್ನಂತೂ ಬಹಳ ಚೆನ್ನಾಗಿ ತಯಾರಿಸಿದರು. ಮುಂಭಾಗ ನೋಡಿ ಇವೆರಡನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಆದ್ದರಿಂದ ಮುಂಭಾಗವನ್ನು ಕೊನೆಗೆ ನೋಡಿ. ಮೊದಲು ಖಾನೆಗಳನ್ನು ಪೂರ್ತಿ ಹೊರಗೆಳೆದು, ಕೈಯಲ್ಲಿ ಟಾರ್ಚ್ ಹಿಡಿದು, ಹಿಂಭಾಗವನ್ನೂ ತಳವನ್ನೂ ನೋಡಿ.

ಖಾನೆಯ ಮೂಲೆಯಲ್ಲಿ ಪಾರಿವಾಳದ ಬಾಲದ ಆಕಾರದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಡವ್‌ಟೇಲ್ ಕೀಲುಗಳು ಕೈಯಿಂದ ಕೊರೆದವಾದರೆ ಅವುಗಳ ಅಂತರ ಸ್ವಲ್ಪ ಏರುಪೇರಾಗಿರುತ್ತದೆ, ನಡುವಿನ ಗೂಟಗಳು ತೀರ ಸಣ್ಣಗಿರುತ್ತವೆ, ಗುರುತಿಗಾಗಿ ಗೀಚಿದ ಗೆರೆ ಪಕ್ಕದ ಹಲಗೆಯ ಮೇಲೆ ಇನ್ನೂ ಉಳಿದಿರುತ್ತದೆ. ಎಲ್ಲವೂ ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿದ್ದರೆ ಅದು 19ನೆಯ ಶತಮಾನದ ಕೊನೆಯ ಭಾಗದ ಅಥವಾ ಆನಂತರದ ಯಂತ್ರದ ಕೆಲಸ. ಮುಂಭಾಗದ ವೆನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಪದರ, ಅಂಚಿನಲ್ಲೆಲ್ಲಾದರೂ ಚಕ್ಕೆ ಎದ್ದಿದ್ದರೆ ಅದು ಅದೃಷ್ಟವೆಂದೇ ತಿಳಿಯಿರಿ, ಏಕೆಂದರೆ ಅಲ್ಲಿ ದಪ್ಪ ಕಾಣುತ್ತದೆ: ಕೈಗರಗಸದಿಂದ ಸೀಳಿದ್ದು ಒಂದೂವರೆ ಎರಡು ಮಿಲಿಮೀಟರ್ ಇರುತ್ತದೆ, ಯಂತ್ರದ್ದು ಒಂದಕ್ಕಿಂತ ಕಡಿಮೆ. ತಿರುಪು ಮೊಳೆಯೊಂದನ್ನು ಬಿಚ್ಚಲು ಬಿಟ್ಟರೆ ಇನ್ನೂ ಒಳ್ಳೆಯದು. 1840ರ ದಶಕಕ್ಕಿಂತ ಹಿಂದಿನವಕ್ಕೆ ಸಾಮಾನ್ಯವಾಗಿ ತುದಿ ಮೊಂಡಾಗಿರುತ್ತದೆ, ತಲೆಯ ಮೇಲಿನ ಸೀಳು ನಟ್ಟನಡುವೆ ಇರುವುದಿಲ್ಲ.

ಕಾಲುಗಳನ್ನು ಮರೆಯಬೇಡಿ. ಆ ಕಾಲದ ಕೆಲಸದಲ್ಲಿ ಕಾಲು ನೆಲದಿಂದ ಮೇಲ್ಹಲಗೆಯವರೆಗೆ ಒಂದೇ ಮರವಾಗಿ ಸಾಗಿ ಪೆಟ್ಟಿಗೆಯ ಮೂಲೆಗಂಬವೂ ಆಗಿರುತ್ತದೆ. ಪೆಟ್ಟಿಗೆಯ ಕೆಳ ಅಂಚಿನಲ್ಲಿ ಬೆಸುಗೆ ಕಂಡರೆ ಕಾಲು ಬದಲಾಗಿದೆ ಎಂದರ್ಥ. ಹಾಗೆಯೇ ಆಳವನ್ನೂ ಅಳೆಯಿರಿ. 1788ರಲ್ಲಿ ಪ್ರಕಟವಾದ ಇಂಗ್ಲಿಷ್ ಪೀಠೋಪಕರಣ ತಯಾರಕ ಹೆಪಲ್‌ವೈಟ್‌ನ ಮಾದರಿಪುಸ್ತಕದಲ್ಲಿ ಸೈಡ್‌ಬೋರ್ಡಿಗೆ ಐದೂವರೆಯಿಂದ ಏಳು ಅಡಿ ಉದ್ದ, ಮೂರು ಅಡಿ ಎತ್ತರ, 28ರಿಂದ 32 ಅಂಗುಲ ಆಳ ಎಂದು ಅಳತೆ ಕೊಟ್ಟಿದೆ. ಎಲ್ಲವೂ ಅಷ್ಟೇ ಇರಬೇಕೆಂದಿಲ್ಲ, ಆದರೆ ಸಣ್ಣ ಮನೆಗಳಿಗೆ ಹೊಂದಿಸಲು ಎಷ್ಟೋ ಸೈಡ್‌ಬೋರ್ಡುಗಳ ಹಿಂಭಾಗವನ್ನು ಕೊಯ್ದು ಆಳ ತಗ್ಗಿಸಿದ್ದಾರೆ. ಖಾನೆಯ ಹಿಂದಿನ ಕೀಲುಗಳು ಮುಂದಿನವಕ್ಕಿಂತ ಹೊಸದಾಗಿ ಕಂಡರೆ ಅದೇ ಕಥೆ.

ಹಳೆಪಾತ್ರೆ

ಈ ಪೀಠೋಪಕರಣ ಏಕೆ ಹೀಗಿದೆ ಎಂಬುದು ತಿಳಿದಿದ್ದರೆ ಪರೀಕ್ಷಿಸುವುದೂ ಸುಲಭವಾಗುತ್ತದೆ. 1760ರ ದಶಕದಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಶ್ರೀಮಂತರ ಬಂಗಲೆಗಳ ಊಟದ ಕೋಣೆಗಳನ್ನು ರೂಪಿಸುವಾಗ ಒಂದು ಉದ್ದನೆಯ ಮೇಜು, ಅದರ ಎರಡೂ ಪಕ್ಕ ಬೇರೆಬೇರೆಯಾಗಿ ನಿಂತ ಪೀಠದಂಥ ಕಪಾಟುಗಳು, ಅವುಗಳ ಮೇಲೆ ಕಲಶದಂಥ ಪಾತ್ರೆಗಳು ಎಂಬ ಜೋಡಣೆಯನ್ನು ಬಳಕೆಗೆ ತಂದನು. ಮೇಜಿಗೆ ಖಾನೆ ಇರಲಿಲ್ಲ. ಅದು ಬೆಳ್ಳಿಯ ಸಾಮಾನುಗಳನ್ನು ಮೆರೆಸುವ ಜಾಗವಾಗಿತ್ತು. ಅಷ್ಟು ದೊಡ್ಡ ಕೋಣೆಯಿಲ್ಲದವರಿಗಾಗಿ ಬಡಗಿಗಳು ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಾಗಿ ಕೂಡಿಸಿದಾಗ ನೀವು ನೋಡಿರುವಂಥ, ನಡುವೆ ಅಗಲವಾದ ತೆಳು ಖಾನೆ, ಎರಡು ಪಕ್ಕಗಳಲ್ಲಿ ಆಳವಾದ ಖಾನೆ ಅಥವಾ ಬಾಗಿಲುಳ್ಳ ಸೈಡ್‌ಬೋರ್ಡ್ ಹುಟ್ಟಿತು.

ಆ ಪಕ್ಕದ ಖಾನೆಗಳು ಬಹುತೇಕ ಮದ್ಯಕ್ಕೆ ಸಂಬಂಧಿಸಿದವು. ಉಳಿಬಾಚಿಯವರು ಹೇಳಿದ ಅದೇ ಮಾದರಿಪುಸ್ತಕದ ಪ್ರಕಾರ ಬಲಗಡೆಯದರಲ್ಲಿ ಒಂಬತ್ತು ಬಾಟಲಿಗಳಿಗೆ ಅಂಕಣಗಳಿರಬೇಕು. ಎಡಗಡೆಯ ಖಾನೆಯ ಹಿಂದಿನ ಅರ್ಧಕ್ಕೆ ಹಸಿರು ಬಟ್ಟೆ ಹೊದಿಸಿ ಬೆಳ್ಳಿ ಇಡಬೇಕು. ಮುಂದಿನ ಅರ್ಧಕ್ಕೆ ಸೀಸದ ತಗಡು ಹೊದಿಸಿ, ಗಾಜಿನ ಲೋಟ ತೊಳೆಯುವ ನೀರು ತುಂಬಬೇಕು, ಕೊಳೆನೀರು ಹೊರಹೋಗಲು ತಳದಲ್ಲಿ ಬಿರಡೆ ಇರಬೇಕು. ಅಂದರೆ ಊಟದ ಕೋಣೆಯೊಳಗೇ ಒಂದು ಪುಟ್ಟ ಬಚ್ಚಲು. ಇನ್ನು ಹೆಂಗಸರು ಊಟ ಮುಗಿಸಿ ಎದ್ದುಹೋದ ಮೇಲೆ ಗಂಡಸರು ಕುಡಿಯುತ್ತ ಕೂರುತ್ತಿದ್ದ ಆ ಮನೆಗಳಲ್ಲಿ ಇದೇ ಸೈಡ್‌ಬೋರ್ಡಿನ ಕಪಾಟಿನಲ್ಲಿ ಮೂತ್ರದ ಪಾತ್ರೆಯನ್ನೂ ಇಡುತ್ತಿದ್ದರು. ಮಡಿ ಮೈಲಿಗೆ ನೋಡುವವರ ಮನೆಗೆ ಒಯ್ಯುವ ಮುನ್ನ ಈ ಭಾಗವನ್ನು ಹಿರಿಯರಿಗೆ ಹೇಳದಿರುವುದೇ ಲೇಸು.

ಹಿಂಬದಿಯ ಅಂಚಿನಲ್ಲಿ ಸಣ್ಣ ತೂತುಗಳ ಸಾಲಿದೆಯೇ ನೋಡಿ. ಬಟ್ಟೆಯ ಪರದೆ ಇಳಿಬಿಡುವ ಹಿತ್ತಾಳೆ ಸರಳು ಅಲ್ಲಿತ್ತು ಎಂಬುದಕ್ಕೆ ಅದು ಗುರುತು. ಸರಳು ಕಳೆದುಹೋಗಿರುವುದು ಸಾಮಾನ್ಯ.

ಬೀಟೆಮರ

ಇತಿಹಾಸ ಸೊಗಸಾಗಿದೆ, ಆದರೆ ದಿನಬಳಕೆಗೆ ನಾನು ತೇಗದ್ದನ್ನೇ ಕೊಳ್ಳುತ್ತಿದ್ದೆ. ಜಿ-ಪ್ಲಾನ್ ಎಂಬುದು ಹೈ ವೈಕೂಂಬ್ ಪಟ್ಟಣದ ಇ. ಗೋಮ್ ಕಂಪನಿ 1953ರಲ್ಲಿ ಆರಂಭಿಸಿದ ಶ್ರೇಣಿ. ಯುದ್ಧಕಾಲದಲ್ಲಿ ಮರದ ಅಭಾವದಿಂದ ಸರ್ಕಾರವೇ ವಿನ್ಯಾಸ ನಿಗದಿಪಡಿಸಿ 1942ರಲ್ಲಿ ತಂದಿದ್ದ ಯುಟಿಲಿಟಿ ಯೋಜನೆ 1952ರಲ್ಲಷ್ಟೇ ಕೊನೆಗೊಂಡಿತ್ತು. ಒಂದೊಂದೇ ತುಂಡನ್ನು ಕೈಯಲ್ಲಿ ಹಣ ಬಂದಂತೆ ಕೊಂಡು ಕೋಣೆ ತುಂಬಿಸಿಕೊಳ್ಳುವ ಅವಕಾಶ ಮಧ್ಯಮವರ್ಗಕ್ಕೆ ಹಿಡಿಸಿತು. 1962ರಲ್ಲಿ ಡೆನ್ಮಾರ್ಕಿನ ಇಬ್ ಕೋಫೋಡ್-ಲಾರ್ಸನ್ ಇವರಿಗಾಗಿ ವಿನ್ಯಾಸ ಮಾಡಿದರು. 1966ರಲ್ಲಿ ಬಂದ ‘ಫ್ರೆಸ್ಕೊ’ ವಿಕ್ಟರ್ ವಿಲ್ಕಿನ್ಸ್ ಅವರದು. ನೀವು ನೋಡಿದ್ದರಲ್ಲಿ ಹಿಡಿಕೆಗಳು ಮರದಲ್ಲೇ ಕೊರೆದು ಅಂಡಾಕಾರವಾಗಿ ಉಬ್ಬಿದ್ದರೆ ಬಹುಶಃ ಅದೇ.

ಎತ್ತರ ಕಡಿಮೆ, ಉದ್ದ ಹೆಚ್ಚು, ಒಳಗೆ ತಟ್ಟೆಗಳಿಗೆ ಅಡ್ಡಹಲಗೆಗಳು, ಚಮಚಗಳಿಗೆ ಬಟ್ಟೆ ಹೊದಿಸಿದ ಖಾನೆ. ಊಟದ ಕೋಣೆಯೇ ಇಲ್ಲದ ಮನೆಯಲ್ಲಿ ಮೇಲೆ ಟಿವಿ ಇಡಬಹುದು; ಬೆಲೆ ಏರಿರುವುದಕ್ಕೆ ಇದೂ ಒಂದು ಕಾರಣ. ಒಂದು ಎಚ್ಚರಿಕೆ ಮಾತ್ರ ಬೇಕು. ಊರಿನಲ್ಲಿ ತೇಗವೆಂದರೆ ಗಟ್ಟಿ ಮರವೆಂದೇ ಭಾವಿಸುವ ನಾವು ಇಲ್ಲಿಯೂ ಹಾಗೆಯೇ ಭಾವಿಸಿ ಉಜ್ಜುಕಾಗದ ಹಿಡಿಯುತ್ತೇವೆ. ಇವುಗಳಲ್ಲಿ ಅಂಚು, ಕಾಲು, ಹಿಡಿಕೆಗಳು ಗಟ್ಟಿ ಮರ. ದೊಡ್ಡ ಮೈಗಳು ಪುಡಿಮರದ ಹಲಗೆ ಅಥವಾ ಪ್ಲೈ ಮೇಲೆ ಅಂಟಿಸಿದ ತೆಳು ವೆನೀರ್. ನಾಲ್ಕು ಸಲ ಜೋರಾಗಿ ಉಜ್ಜಿದರೆ ಒಳಗಿನ ಹಲಗೆ ಇಣುಕುತ್ತದೆ, ಮತ್ತೆ ದುರಸ್ತಿ ಇಲ್ಲ.

ಡೆನ್ಮಾರ್ಕಿನ ರೋಸ್‌ವುಡ್ ಸೈಡ್‌ಬೋರ್ಡ್ ಕಣ್ಣಿಗೆ ಬಿದ್ದರೆ ಇನ್ನೂ ಹುಷಾರು. ಆ ಕಾಲದ ಎಷ್ಟೋ ಒಳ್ಳೆಯ ತುಂಡುಗಳು ಬ್ರೆಜಿಲ್ಲಿನ ರೋಸ್‌ವುಡ್ಡಿನವು. 1992ರಿಂದ ಆ ಮರ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದ್ದು, ಬ್ರಿಟನ್ನಿನೊಳಗೆ ಮಾರುವುದಕ್ಕೂ ಪ್ರಮಾಣಪತ್ರ ಬೇಕು. 2017ರ ಜನವರಿಯಲ್ಲಿ ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಉಳಿದ ಮರಗಳೆಲ್ಲ ಎರಡನೆಯ ಪಟ್ಟಿಗೆ ಬಂದವು.

ಕಾವೇರಿತೀರ

ಹರಾಜಿನ ಮುನ್ನಾದಿನದ ವೀಕ್ಷಣೆಗೆ ಹೋಗಿ ಉಳಿಬಾಚಿಯವರು ಹೇಳಿದಂತೆ ಹಿಂದಿನಿಂದ ಶುರುಮಾಡಿದೆ. ಹಿಂಬದಿಯ ಪೈನ್ ಹಲಗೆಗಳ ನಡುವೆ ಬೆರಳುಗುರು ತೂರುವಷ್ಟು ಬಿರುಕಿದೆ, ಬಣ್ಣ ಬಳಿದಿಲ್ಲ, ಒಣಗಿ ಬೂದುಗಂದಾಗಿದೆ. ಖಾನೆಗಳ ಪಕ್ಕಗಳು ಓಕ್ ಮರದವು, ಕೀಲುಗಳು ಏರುಪೇರಾಗಿವೆ, ಗೀಚಿದ ಗೆರೆ ಕಾಣುತ್ತದೆ. ಹಿಂದಿನ ಕೀಲುಗಳೂ ಅಷ್ಟೇ ಹಳೆಯವು. ಎಡಗಡೆ ಹೊರಗಿನಿಂದ ಎರಡು ಖಾನೆಗಳಂತೆ ತೋರುತ್ತದೆ, ಎಳೆದರೆ ಒಂದೇ ಆಳವಾದ ಖಾನೆ. ಒಳಗೆ ಅರ್ಧಕ್ಕೆ ಸೀಸದ ತಗಡು, ತಳದಲ್ಲಿ ಮರದ ಬೆಣೆ ಬಡಿದು ಮುಚ್ಚಿದ ತೂತು. ಹಳೆಪಾತ್ರೆಯವರ ಬಚ್ಚಲು ಅದೇ ಇರಬೇಕು. ತಗಡಿನ ಮೇಲೆ ಅಲ್ಲಲ್ಲಿ ಬಿಳಿಯ ಪುಡಿ ಕೂತಿದೆ.

ಮನಸ್ಸಿಗೆ ಕಸಿವಿಸಿಯಾದದ್ದು ಹಿಡಿಕೆಗಳ ವಿಷಯ. ಈಗಿರುವುದು ಸಿಂಹದ ಮುಖದ ಉಂಗುರದ ಹಿಡಿಕೆ. ಖಾನೆಯ ಮುಂಬದಿಯ ಒಳಮೈಯಲ್ಲಿ ನಡುವಿನ ತೂತಿನ ಎರಡೂ ಪಕ್ಕ ಬೆಣೆ ಹಾಕಿ ಮುಚ್ಚಿದ ಇನ್ನೆರಡು ತೂತುಗಳಿವೆ. ಬೀಗದ ಕಿಂಡಿಯ ಸುತ್ತ ವಜ್ರಾಕಾರದ ಬಿಳಿಯ ತುಣುಕೊಂದನ್ನು ಕೂರಿಸಿದ್ದಾರೆ, ಮೂಳೆಯೋ ದಂತವೋ ತಿಳಿಯಲಿಲ್ಲ.

ನಿಜವಾದ ಚಿಂತೆ ಬೇರೆಯೇ. ಕುದಿಯುವ ಹುಳಿಯ ಪಾತ್ರೆಯನ್ನು ಇದರ ಮೇಲೆ ಇಡಬಹುದೇ? ಅರಿಶಿನದ ಕಲೆ ಬಿದ್ದರೆ ಗತಿಯೇನು?

ಉಳಿಬಾಚಿ

ನೀವು ವಿವರಿಸಿದ್ದನ್ನು ನೋಡಿದರೆ ಪೆಟ್ಟಿಗೆ ಆ ಕಾಲದ್ದೇ ಎಂದು ನಂಬಲು ಸಾಕಷ್ಟು ಕಾರಣವಿದೆ. ಎರಡು ತೂತುಗಳು ಮೂಲತಃ ಅಂಡಾಕಾರದ ಹಿತ್ತಾಳೆ ತಗಡಿನ, ಜೋತುಬಿದ್ದ ಹಿಡಿಕೆಗಳವು. 1780, 90ರ ದಶಕಗಳಲ್ಲಿ ಅವೇ ಚಾಲ್ತಿಯಲ್ಲಿದ್ದವು. ಸಿಂಹದ ಮುಖ ಆಮೇಲಿನ, 19ನೆಯ ಶತಮಾನದ ಆರಂಭದ ರೀಜೆನ್ಸಿ ಕಾಲದ ಹುಚ್ಚು. ಯಾರೋ ಹೊಸ ರುಚಿಗೆ ತಕ್ಕಂತೆ ಬದಲಿಸಿದ್ದಾರೆ. ಇಂಥ ಬದಲಾವಣೆಯನ್ನು ನಾನು ದೋಷವೆನ್ನುವುದಿಲ್ಲ, ಬೆಲೆ ಮಾತಾಡುವಾಗ ಮಾತ್ರ ಧಾರಾಳವಾಗಿ ದೋಷವೆನ್ನುತ್ತೇನೆ.

ಆ ಬಿಳಿಯ ತುಣುಕಿನ ವಿಷಯ ಹರಾಜಿನವರನ್ನು ಲಿಖಿತವಾಗಿ ಕೇಳಿ. ದಂತವಾಗಿದ್ದರೆ, 2022ರ ಜೂನ್‌ನಿಂದ ಜಾರಿಯಲ್ಲಿರುವ ಬ್ರಿಟನ್ನಿನ 2018ರ ದಂತ ಕಾಯ್ದೆಯ ಪ್ರಕಾರ, 1947ರ ಮಾರ್ಚ್‌ಗಿಂತ ಹಿಂದಿನ ಮತ್ತು ಶೇಕಡಾ 10ಕ್ಕಿಂತ ಕಡಿಮೆ ದಂತವಿರುವ ವಸ್ತುವೆಂದು ಮಾರುವವರು ಮೊದಲೇ ನೋಂದಾಯಿಸಿರಬೇಕು. ಮೂಳೆಯಾಗಿದ್ದರೆ ಹತ್ತಿರದಿಂದ ನೋಡಿದಾಗ ಸಣ್ಣ ಕಪ್ಪು ಚುಕ್ಕೆಗಳೂ ಗೀರುಗಳೂ ಕಾಣುತ್ತವೆ. ದಂತದ ಮೈ ನಯವಾಗಿರುತ್ತದೆ.

ಮಂಗಳೂರುಹೆಂಚು

ಬಿಸಿಪಾತ್ರೆ ಮತ್ತು ಅರಿಶಿನದ ಪ್ರಶ್ನೆಗೆ ಉತ್ತರ ಮರದಲ್ಲಿಲ್ಲ, ಅದರ ಮೇಲಿನ ಹೊಳಪಿನಲ್ಲಿದೆ. ಇಂಗ್ಲೆಂಡಿನಲ್ಲಿ 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಫ್ರೆಂಚ್ ಪಾಲಿಶ್ ಬಳಕೆಗೆ ಬಂತು. ಅದಕ್ಕೂ ಹಿಂದಿನ ಪೀಠೋಪಕರಣಗಳಿಗೂ ಆಮೇಲೆ ಅದನ್ನೇ ಹಚ್ಚಿದರು. ಅದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಲ್ಲದೆ ಬೇರೇನೂ ಅಲ್ಲ, ಮತ್ತು ಆ ಅರಗಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಭಾರತದಿಂದಲೇ, ಈಗ ಜಾರ್ಖಂಡ್, ಛತ್ತೀಸಗಢ ಎನ್ನುವ ಸೀಮೆಯ ಮುತ್ತುಗ, ಕುಸುಮ ಮರಗಳ ಮೇಲೆ ಕೀಟಗಳು ಕಟ್ಟುವ ಪೊರೆಯಿಂದ. ಚನ್ನಪಟ್ಟಣದ ಬೊಂಬೆಗೆ ಕಡಚಲು ಯಂತ್ರದ ಮೇಲೆ ಬಿಸಿಯಿಂದ ಹತ್ತಿಸುವುದೂ ಅರಗನ್ನೇ. ಅರಗು ಬಿಸಿಗೆ ಮೆತ್ತಗಾಗುತ್ತದೆ ಎಂಬುದು ಆ ಕುಶಲಕರ್ಮಿಗಳಿಗೆ ಅನುಕೂಲ, ನಿಮ್ಮ ಹುಳಿಯ ಪಾತ್ರೆಗೆ ಅನನುಕೂಲ.

ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಟ್ಟರೆ ಅದರ ತಳದ ಗಾತ್ರದ ಬಿಳಿಯ ಉಂಗುರ ಮೂಡುತ್ತದೆ. ಬಿಸಿಗೆ ಹಬೆಯ ತೇವ ಅರಗಿನೊಳಗೆ ಸಿಕ್ಕಿಕೊಂಡದ್ದರ ಗುರುತು ಅದು. ಬಿಳಿಯಾಗಿರುವವರೆಗೆ ಹೆದರಬೇಕಿಲ್ಲ, ಬಲ್ಲವರು ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಮೇಲಿಂದ ಮೇಲೆ ಸವರಿ ತೆಗೆಯುತ್ತಾರೆ. ಕಪ್ಪಾದರೆ ನೀರು ಮರಕ್ಕೇ ಇಳಿದಿದೆ. ದಪ್ಪ ಫೆಲ್ಟಿನ ಮೇಲೆ ಮೇಜುಬಟ್ಟೆ, ಅದರ ಮೇಲೆ ಮರದ ಅಥವಾ ಬೆಂಡಿನ ಮಣೆ, ಆಮೇಲೆ ಪಾತ್ರೆ. ಇಷ್ಟು ಮಾಡಿದರೆ ನಮ್ಮ ಅಡುಗೆಗೂ ಈ ಪೀಠೋಪಕರಣಕ್ಕೂ ಜಗಳವಿಲ್ಲ.

ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಎಣ್ಣೆಯಲ್ಲಿ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕಲೆ ತೆಗೆಯಲೆಂದು ಸ್ಪಿರಿಟ್ ಸುರಿದರೆ ಅರಿಶಿನದ ಜೊತೆ ಅರಗೂ ಬರುತ್ತದೆ. ತಕ್ಷಣ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ. ಉಳಿದ ಹಳದಿ ಬೆಳಕಿಗೆ ತಾನಾಗಿ ಮಾಸುತ್ತದೆ. ಅಮೃತಶಿಲೆಯ ಮೇಲ್ಭಾಗವುಳ್ಳ ವಿಕ್ಟೋರಿಯಾ ಕಾಲದ ಸೈಡ್‌ಬೋರ್ಡ್ ಬಿಸಿಯನ್ನು ಇದಕ್ಕಿಂತ ಚೆನ್ನಾಗಿ ತಡೆದೀತು, ಆದರೆ ನಮ್ಮ ಹುಣಸೆಹುಳಿಯೂ ನಿಂಬೆಯೂ ಆ ಕಲ್ಲಿನ ಹೊಳಪನ್ನು ತಿಂದುಹಾಕುತ್ತವೆ.

ಬೀಟೆಮರ

ಇಷ್ಟೆಲ್ಲ ಪದರ ಹಾಸುವುದಾದರೆ ಮೇಲ್ಭಾಗಕ್ಕೆ ಪಾಲಿಯುರೆಥೇನ್ (ಪ್ಲಾಸ್ಟಿಕ್ಕಿನಂಥ ಗಟ್ಟಿ ವಾರ್ನಿಶ್) ಹೊಡೆದು ನಿಶ್ಚಿಂತೆಯಾಗಿರಬಾರದೇಕೆ? ಬಳಸುವ ವಸ್ತುವನ್ನು ಬಳಕೆಗೆ ಒಗ್ಗಿಸಿಕೊಳ್ಳುವುದರಲ್ಲಿ ತಪ್ಪೇನಿದೆ?

ಉಳಿಬಾಚಿ

ಅರಗನ್ನು ಯಾವಾಗ ಬೇಕಾದರೂ ಸ್ಪಿರಿಟ್ಟಿನಿಂದ ಮೆತ್ತಗಾಗಿಸಿ ಅದರ ಮೇಲೆಯೇ ಮತ್ತೆ ಹಚ್ಚಬಹುದು. ಪಾಲಿಯುರೆಥೇನನ್ನು ಕೆರೆದೇ ತೆಗೆಯಬೇಕು. ಕೆರೆದರೆ ಇನ್ನೂರು ವರ್ಷದ ಬೆಳಕಿಗೆ, ಕೈಯ ಒರೆತಕ್ಕೆ ಹದಗೊಂಡ ಮೇಲ್ಮೈಯೂ ಅದರೊಂದಿಗೆ ಹೋಗುತ್ತದೆ. ಜಿ-ಪ್ಲಾನಿಗೆ ನೀವು ಏನು ಬೇಕಾದರೂ ಹೊಡೆಯಿರಿ, ನನ್ನ ತಕರಾರಿಲ್ಲ.

ದಾಂಡೇಲಿಕಡೆಯವ

ಮೈಸೂರಿಗೆ ಒಯ್ಯುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಒಯ್ಯಬೇಡಿ ಎಂಬುದು ನನ್ನ ಸಲಹೆ, ಮತ್ತು ಕಾರಣ ಖರ್ಚೊಂದೇ ಅಲ್ಲ. ಇಂಗ್ಲೆಂಡಿನ ವೆನೀರ್ ಕೆಲಸವೆಲ್ಲ ಪ್ರಾಣಿಗಳ ಚರ್ಮ, ಮೂಳೆ ಕಾಯಿಸಿ ಮಾಡಿದ ಅಂಟಿನ ಮೇಲೆ ನಿಂತಿದೆ. ತೇವ ಹೆಚ್ಚಾದರೆ ಅದು ಮೆತ್ತಗಾಗುತ್ತದೆ. ಮೈಸೂರಿನ ಹವೆ ತಡೆದುಕೊಂಡೀತು, ಹಡಗಿನ ಪೆಟ್ಟಿಗೆಯೊಳಗಿನ ವಾರಗಳು ಮತ್ತು ಬಂದರಿನ ಮಳೆಗಾಲ ತಡೆದುಕೊಳ್ಳುವುದು ಅನುಮಾನ. ಹಿಂಬದಿಯ ಪೈನ್ ಹಲಗೆಯಂತೂ ನಮ್ಮ ಗೆದ್ದಲಿಗೆ ಹಬ್ಬದೂಟ. ಬಿಳಿಯ ತುಣುಕು ದಂತವೆಂದಾದರೆ ಭಾರತಕ್ಕೆ ತರುವ ಯೋಚನೆಯನ್ನೇ ಬಿಡಬೇಕು. ಅಷ್ಟಾಗಿಯೂ ಸಾಗಿಸುವುದಾದರೆ, ಸುತ್ತ ಕಟ್ಟುವ ಮರದ ಪೆಟ್ಟಿಗೆಗೆ ಕೀಟನಾಶಕ ಉಪಚಾರದ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಪಿಎಂ-15ರ ಮುದ್ರೆ ಇರಲೇಬೇಕು.

ನಮ್ಮಲ್ಲಿಯೇ ಒಳ್ಳೆಯ ಸೈಡ್‌ಬೋರ್ಡುಗಳಿವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಬಂಗಲೆಗಳಿಗೆ, ಬೆಂಗಳೂರು ದಂಡಿನ ಮನೆಗಳಿಗೆ ಊರ ಬಡಗಿಗಳೇ ಇಂಗ್ಲಿಷ್ ಮಾದರಿ ನೋಡಿ ತೇಗದಲ್ಲೋ ಬೀಟೆಯಲ್ಲೋ ಮಾಡಿಕೊಟ್ಟವು. ಅವುಗಳಲ್ಲಿ ವೆನೀರ್ ಅಪರೂಪ. ಮರ ಕೈಗೆಟುಕುತ್ತಿತ್ತು, ಅಂಟನ್ನು ಮಳೆ ಉಳಿಸುತ್ತಿರಲಿಲ್ಲ, ಹೀಗಾಗಿ ಗಟ್ಟಿ ಹಲಗೆ, ಕೂರಿಸಿದ ಕೀಲು. ಇಬ್ಬರು ಎತ್ತಿದರೂ ಜಗ್ಗದಷ್ಟು ಭಾರ. ಇಂಗ್ಲೆಂಡಿನಲ್ಲಿ ಕಣ್ಣಿಗೆ ಕಾಣದ ಕಡೆ ಅಗ್ಗದ ಪೈನ್ ಹಾಕಿದರೆ, ನಮ್ಮವರು ಹುಳು ಹಿಡಿಯದಂತೆ ಖಾನೆಯ ತಳಕ್ಕೂ ತೇಗವನ್ನೇ ಹಾಕಿರುವುದುಂಟು.

ಬೆಂಗಳೂರಿನ ಶಿವಾಜಿನಗರದ ಕಡೆ ಹಳೆಯ ಪೀಠೋಪಕರಣದ ಅಂಗಡಿಗಳಲ್ಲಿ ಹುಡುಕಿದರೆ ಈಗಲೂ ಸಿಗುತ್ತವೆ, ಜೊತೆಗೆ ಕೆಡವಿದ ಮನೆಗಳ ತೊಲೆ ಬಾಗಿಲುಗಳಿಂದ ಈಚೆಗೆ ಮಾಡಿದ ‘ನೂರು ವರ್ಷದ’ ತುಂಡುಗಳೂ ಸಿಗುತ್ತವೆ. ಅಂಥದ್ದರಲ್ಲಿ ಬಾಗಿಲ ಕೀಲಿನ ಹಳೆಯ ತಗ್ಗನ್ನು ಪುಡಿ ಮತ್ತು ಅಂಟಿನಿಂದ ಮುಚ್ಚಿದ ಗುರುತು ಯಾವುದಾದರೂ ಒಳಮೈಯಲ್ಲಿ ಉಳಿದಿರುತ್ತದೆ. ಅಲ್ಲಿಂದ ಹೊರದೇಶಕ್ಕೆ ಕಳುಹಿಸುವ ಯೋಚನೆಯಿದ್ದವರಿಗೆ ಒಂದು ಮಾತು: ನೂರು ವರ್ಷ ದಾಟಿದ ಕುಶಲಕೃತಿಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅವನ್ನು ರಫ್ತು ಮಾಡುವಂತಿಲ್ಲ.

ಕಾವೇರಿತೀರ

ಮಹಾಗನಿಯದನ್ನೇ ಹಿಡಿದೆವು. ಆ ತುಣುಕು ಮೂಳೆಯೆಂದು ಹರಾಜಿನವರು ಬರೆದುಕೊಟ್ಟರು, ಕಪ್ಪು ಚುಕ್ಕೆಗಳು ನನಗೂ ಕಂಡವು. ಕೂಗು 340 ಪೌಂಡಿಗೆ ನಿಂತಿತು; ಅದರ ಮೇಲೆ ಹರಾಜಿನವರ ಪಾಲು ಮತ್ತು ತೆರಿಗೆ ಸೇರಿಯೂ ಜಿ-ಪ್ಲಾನಿಗಿಂತ ಕಡಿಮೆಗೇ ಬಂತು. ಬೆಲೆಗಿಂತ ಹೆಚ್ಚಾಗಿ ನಮ್ಮನ್ನು ಒಪ್ಪಿಸಿದ್ದು ಎತ್ತರ: ಮೂರು ಅಡಿ ಇರುವುದರಿಂದ ಬಾಗದೆ ನಿಂತೇ ಬಡಿಸಿಕೊಳ್ಳಬಹುದು, ತೇಗದ್ದರಲ್ಲಿ ವಯಸ್ಸಾದ ಅತ್ತೆಯವರಿಗೆ ಸೊಂಟ ಬಗ್ಗಿಸಬೇಕಾಗುತ್ತಿತ್ತು. ಈಗ ಉಳಿದಿರುವುದು ಸೀಸದ ಖಾನೆಯ ಬಿಳಿಪುಡಿ. ತಗಡನ್ನೇ ಕಿತ್ತುಹಾಕಬೇಕೇ?

ಉಳಿಬಾಚಿ

ಕೀಳಬೇಡಿ, ವಯಸ್ಸಿಗೆ ಅದೂ ಒಂದು ಸಾಕ್ಷಿ. ಓಕ್ ಮರದಿಂದ ಹೊರಡುವ ಆಮ್ಲದ ಆವಿ ಸೀಸವನ್ನು ತಿಂದಾಗ ಆ ಪುಡಿ ಹುಟ್ಟುತ್ತದೆ, ಅದು ವಿಷ. ಒಣ ಬ್ರಷ್ ಹಾಕಿ ಗಾಳಿಗೆ ಎಬ್ಬಿಸಬೇಡಿ; ಕೈಗವಸು, ಮುಖಗವಸು ತೊಟ್ಟು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮುಚ್ಚಿದ ಚೀಲದಲ್ಲಿ ಹಾಕಿ ಬಿಸಾಡಿ. ಆಮೇಲೆ ಸೀಸಕ್ಕೆ ತಾಗದಂತೆ ಮುಚ್ಚಳವುಳ್ಳ ಒಂದು ಪ್ಲಾಸ್ಟಿಕ್ ಡಬ್ಬವನ್ನು ಖಾನೆಯ ಅಳತೆಗೆ ಕೂರಿಸಿ, ಅದರಲ್ಲಿ ಮೇಣದಬತ್ತಿ, ಬೆಂಕಿಪೊಟ್ಟಣದಂಥವನ್ನು ಇಡಿ. ತಿನ್ನುವ ಪದಾರ್ಥ, ತಟ್ಟೆ ಲೋಟ ಯಾವುದೂ ಅಲ್ಲಿ ಬೇಡ, ಮಕ್ಕಳಿದ್ದರೆ ಬೀಗ ಹಾಕಿ. ಬೆಳ್ಳಿಯನ್ನು ನಡುವಿನ ಖಾನೆಯಲ್ಲಿಡುವಾಗ ಹಳೆಯ ಉಣ್ಣೆಯ ಹಾಸು ಇದ್ದರೆ ಅದನ್ನು ತೆಗೆದು ಹತ್ತಿಬಟ್ಟೆ ಹಾಸಿ, ಏಕೆಂದರೆ ಉಣ್ಣೆಯ ಗಂಧಕಕ್ಕೆ ಬೆಳ್ಳಿ ಬೇಗ ಕಪ್ಪಾಗುತ್ತದೆ.

ಮತ್ತು ಆ ಏಳು ಅಡಿ ಗೋಡೆಯಲ್ಲಿ ಕೋಣೆ ಕಾಯಿಸುವ ರೇಡಿಯೇಟರ್ ಇದ್ದರೆ ಅದನ್ನು ಆರಿಸಿ ಅಥವಾ ಗೋಡೆಯನ್ನೇ ಬದಲಿಸಿ. ಚಳಿಗಾಲದ ಒಣಗಾಳಿಗೆ ಒಂದೇ ವರ್ಷದಲ್ಲಿ ವೆನೀರ್ ಅಂಚುಗಳು ಏಳಲು ಶುರುವಾಗುತ್ತವೆ.